ಕೂಗಳತೆ ದೂರದ ನ್ಯಾಯಾಧೀಶ: ಬರ್ಲಿನ್-ಕ್ಯೋಪೆನಿಕ್‌ನ ಕೋರ್ಟು ಮತ್ತು ಅದರ ಬೆನ್ನಿಗಿರುವ ಸೆರೆಮನೆ

ಬರ್ಲಿನ್ನಿನ ಆಗ್ನೇಯ ಮೂಲೆಯಲ್ಲಿ, ಡಾಹ್ಮೆ ಹೊಳೆ ಸ್ಪ್ರೇ ನದಿಯನ್ನು ಸೇರುವ ಜಾಗದಲ್ಲಿ ಕ್ಯೋಪೆನಿಕ್ ಊರಿದೆ. ಹಳೆಯ ಪೇಟೆ, ಅರಮನೆ, ಪುರಭವನ ಎಲ್ಲ ನೀರಿನ ನಡುವಿನ ನಡುಗಡ್ಡೆಗಳಲ್ಲಿ. ಕೋರ್ಟು ಮಾತ್ರ ನೀರಿನಾಚೆ, ರೈಲು ನಿಲ್ದಾಣದ ದಿಕ್ಕಿಗೆ ಬೆಳೆದ ಡಾಮ್‌ಫೋರ್‌ಷ್ಟಾಟ್ ಬಡಾವಣೆಯಲ್ಲಿದೆ. ಮಾಂಡ್ರೆಲಾಪ್ಲಾಟ್ಸ್ ಎಂಬ ಚೌಕಕ್ಕೆ ಅದರ ಮುಖ. ಕಟ್ಟಿದ್ದು 1899ರಿಂದ 1901ರ ನಡುವೆ. ಚೌಕದಲ್ಲಿ ನಿಂತವರಿಗೆ ಕಾಣುವುದು ಕೋರ್ಟು. ಬಳಸಿಕೊಂಡು ಪುಖಾನ್‌ಸ್ಟ್ರಾಸೆಗೆ ಹೋದರೆ ಅದರ ಬೆನ್ನಿಗಿರುವ ಸೆರೆಮನೆ. ಎರಡನ್ನೂ ಒಂದೇ ಯೋಜನೆಯಲ್ಲಿ ಸೇರಿಸಿ ಕಟ್ಟಿದ್ದರು. ಈ ಅಧ್ಯಯನ ಆ ಜೋಡಿಯ ಬಗ್ಗೆ. ಸೆರೆಕೋಣೆಯನ್ನು ನ್ಯಾಯಾಧೀಶರ ಕೂಗಳತೆಯಲ್ಲಿ ಯಾಕೆ ಇಟ್ಟರು, 1933ರ ಜೂನ್‌ನಲ್ಲಿ ನಾತ್ಸಿ ದಳದವರ ಕೈಯಲ್ಲಿ ಆ ಏರ್ಪಾಡು ಎಲ್ಲಿ ಕಡಿದುಹೋಯಿತು, ಆಮೇಲೆ ಕಟ್ಟಡಕ್ಕೂ ಅದರೊಳಗಿನ ದಾಖಲೆಗಳಿಗೂ ಏನಾಯಿತು ಎಂಬುದನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ಆಮ್ಟ್ಸ್‌ಗೆರಿಷ್ಟ್ ಮಾಡುತ್ತಿದ್ದ ಕೆಲಸ

ಆಮ್ಟ್ಸ್‌ಗೆರಿಷ್ಟ್ ಎಂದರೆ ಜರ್ಮನ್ ನ್ಯಾಯವ್ಯವಸ್ಥೆಯ ತಳಮೆಟ್ಟಿಲು. ಮುನ್ಸಿಫ್ ಕೋರ್ಟು, ಮ್ಯಾಜಿಸ್ಟ್ರೇಟ್ ಕೋರ್ಟು ಮತ್ತು ಜಮೀನಿನ ಹಕ್ಕು ದಾಖಲಿಸುವ ಕಚೇರಿ ಮೂರನ್ನೂ ಒಂದೇ ಸೂರಿನಡಿ ಕಲ್ಪಿಸಿಕೊಂಡರೆ ಹತ್ತಿರದ ಚಿತ್ರ ಸಿಗುತ್ತದೆ. ಬಿಸ್ಮಾರ್ಕ್ ಕಾಲದ ಏಕೀಕೃತ ಜರ್ಮನಿ 1877ರಲ್ಲಿ ನ್ಯಾಯಾಲಯಗಳ ರಚನೆಗೆ ಒಂದೇ ಕಾನೂನು ಮಾಡಿತು; ಅದು 1879ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಆ ದಿನದಿಂದ ದೇಶದುದ್ದಕ್ಕೂ ನಾಲ್ಕು ಮೆಟ್ಟಿಲಿನ ಏಣಿ: ಆಮ್ಟ್ಸ್‌ಗೆರಿಷ್ಟ್, ಅದರ ಮೇಲೆ ಲಾಂಡ್‌ಗೆರಿಷ್ಟ್, ಅದರ ಮೇಲೆ ಪ್ರಾಂತ್ಯದ ಉಚ್ಚ ನ್ಯಾಯಾಲಯ, ತುದಿಯಲ್ಲಿ ಲೈಪ್‌ಜಿಗ್‌ನ ರೈಷ್ಸ್‌ಗೆರಿಷ್ಟ್. ಕ್ಯೋಪೆನಿಕ್ ಆಗ ಬರ್ಲಿನ್ನಿಗೆ ಸೇರಿರಲಿಲ್ಲ, ಸ್ವತಂತ್ರ ಪಟ್ಟಣ. ಅದರ ಆಮ್ಟ್ಸ್‌ಗೆರಿಷ್ಟ್, ಬರ್ಲಿನ್ನಿನ ಸುತ್ತಲಿನ ಊರುಗಳಿಗಾಗಿ ಇದ್ದ ಎರಡನೇ ಲಾಂಡ್‌ಗೆರಿಷ್ಟ್‌ನ ಕೆಳಗೆ ಬರುತ್ತಿತ್ತು. ಊರಿನ ಹೆಸರನ್ನು ಆಗ 'ಸಿ' ಅಕ್ಷರದಿಂದ ಬರೆಯುತ್ತಿದ್ದರು. 'ಕೆ' ಬಂದದ್ದು 1931ರಲ್ಲಿ. ಹಳೆಯ ಕಡತ ಹುಡುಕುವವರು ಎರಡೂ ಕಾಗುಣಿತಗಳಲ್ಲಿ ಹುಡುಕಬೇಕು.

ಸಿವಿಲ್ ಕಡೆ, 300 ಮಾರ್ಕ್‌ವರೆಗಿನ ದಾವೆ ಒಬ್ಬರೇ ನ್ಯಾಯಾಧೀಶರ ಮುಂದೆ. 1909ರ ತಿದ್ದುಪಡಿ ಈ ಮಿತಿಯನ್ನು 600 ಮಾರ್ಕ್‌ಗೆ ಏರಿಸಿತು. ಕ್ರಿಮಿನಲ್ ಕಡೆ, ಮೂರು ತಿಂಗಳ ಸೆರೆ ಅಥವಾ 600 ಮಾರ್ಕ್ ದಂಡ ಮೀರದ ಅಪರಾಧಗಳನ್ನು ಶೆಫೆನ್‌ಗೆರಿಷ್ಟ್ ಎಂಬ ಪೀಠ ಕೇಳುತ್ತಿತ್ತು. ಆ ಪೀಠದಲ್ಲಿ ವೃತ್ತಿಯ ನ್ಯಾಯಾಧೀಶರು ಒಬ್ಬರು, ಅವರ ಎರಡು ಪಕ್ಕದಲ್ಲಿ ಊರಿನವರಿಂದ ಆರಿಸಿದ ಇಬ್ಬರು ಶೆಫೆನ್, ಅಂದರೆ ಜನಸಾಮಾನ್ಯ ಸಹನ್ಯಾಯಾಧೀಶರು. ಇವರಿಬ್ಬರದ್ದು ಬರೀ ಸಲಹೆ ಅಲ್ಲ. ಅಪರಾಧ ನಡೆದಿದೆಯೇ, ಶಿಕ್ಷೆ ಎಷ್ಟು ಎಂಬ ಎರಡಕ್ಕೂ ಅವರ ಮತಕ್ಕೆ ನ್ಯಾಯಾಧೀಶರ ಮತದಷ್ಟೇ ತೂಕ. ಬೈಗುಳ, ಸಣ್ಣ ಕಳವು, ಭಿಕ್ಷಾಟನೆ, ಹೊಡೆದಾಟ ಈ ಪೀಠದ ನಿತ್ಯದ ಕೆಲಸ. ಹೆಂಗಸರು ಶೆಫೆನ್ ಆಗಲು 1922ರವರೆಗೆ ಕಾಯಬೇಕಾಯಿತು. ಬರ್ಲಿನ್ನಿನ ಬಟ್ಟೆ ಒಗೆಯುವ ಊರು ಎಂದೇ ಹೆಸರಾಗಿ, ಲಾಂಡ್ರಿಗಳ ಹೆಂಗಸರ ದುಡಿಮೆಯಿಂದ ಬೆಳೆದ ಕ್ಯೋಪೆನಿಕ್‌ನಲ್ಲಿ ಇದು ಕಣ್ಣಿಗೆ ಹೊಡೆಯುವ ಕೊರತೆ.

ಇನ್ನೊಂದು ದೊಡ್ಡ ಕೆಲಸ ವ್ಯಾಜ್ಯವಲ್ಲದ್ದು: ಅನಾಥ ಮಕ್ಕಳ ಪಾಲಕತ್ವ, ಉಯಿಲು, ವ್ಯಾಪಾರ ಸಂಸ್ಥೆಗಳ ನೋಂದಣಿ, ಎಲ್ಲಕ್ಕಿಂತ ಮುಖ್ಯವಾಗಿ ಗ್ರುಂಡ್‌ಬುಖ್ ಎಂಬ ಭೂಹಕ್ಕಿನ ಪುಸ್ತಕ. ಹೊಸ ಸಿವಿಲ್ ಸಂಹಿತೆಯೂ ಗ್ರುಂಡ್‌ಬುಖ್ ಕಾನೂನೂ ಒಟ್ಟಿಗೆ 1900ರ ಜನವರಿ 1ರಂದು ಜಾರಿಗೆ ಬಂದವು. ಆ ದಿನ ಕ್ಯೋಪೆನಿಕ್‌ನ ಹೊಸ ಕೋರ್ಟು ಅರ್ಧ ಎದ್ದಿತ್ತು. ಬರ್ಲಿನ್ ಸುತ್ತಮುತ್ತ 1899ರಿಂದ 1906ರೊಳಗೆ ಒಂದರ ಹಿಂದೊಂದು ಆಮ್ಟ್ಸ್‌ಗೆರಿಷ್ಟ್ ಕಟ್ಟಡಗಳು ಎದ್ದವು. ನಗರ ಉಬ್ಬುತ್ತಿತ್ತು, ಹೊಲಗಳು ಸೈಟುಗಳಾಗುತ್ತಿದ್ದವು, ಪ್ರತಿ ಸೈಟಿಗೂ ಒಂದು ದಾಖಲೆ ಬೇಕಿತ್ತು. ಬರ್ಲಿನ್ ಸೇರಿದ್ದ ಪ್ರಷ್ಯಾ ರಾಜ್ಯದ ಲೋಕೋಪಯೋಗಿ ಸಚಿವಾಲಯದಲ್ಲಿ ಈ ಕಟ್ಟಡಗಳ ವಿನ್ಯಾಸ ನೋಡಿಕೊಂಡವರು ಪೌಲ್ ಟ್ಯೋಮರ್. ವೆಡಿಂಗ್, ಪಾಂಕೋ, ಲಿಷ್ಟನ್‌ಬೆರ್ಗ್ ಕೋರ್ಟುಗಳ ಹಿಂದೆಯೂ ಇದೇ ಹೆಸರಿದೆ.

ಕಟ್ಟಡದ ಒಳಲೆಕ್ಕ

ಈ ಪೀಳಿಗೆಯ ಪ್ರಷ್ಯನ್ ಕೋರ್ಟುಗಳನ್ನು ಹೊರಗಿನಿಂದಲೇ ಓದಬಹುದು. ಮುಂಗೋಡೆಯಲ್ಲಿ ಉಳಿದವಕ್ಕಿಂತ ಎತ್ತರದ ಕಿಟಕಿಗಳ ಸಾಲು ಕಂಡರೆ ಅದರ ಹಿಂದೆ ಶೆಫೆನ್ ಪೀಠದ ಸಭಾಂಗಣ ಇದೆ ಎಂದು ತಿಳಿಯಬೇಕು. ಒಂದೇ ಅಳತೆಯ ಕಿಟಕಿಗಳು ಒತ್ತೊತ್ತಾಗಿದ್ದರೆ ಗುಮಾಸ್ತರ ಕೋಣೆಗಳು. ಜನ ಹೆಚ್ಚು ಬಂದುಹೋಗುವ ಕಚೇರಿಗಳು, ಹಣ ಕಟ್ಟುವ ಗೆರಿಷ್ಟ್ಸ್‌ಕಾಸೆ ಅಂದರೆ ಕೋರ್ಟಿನ ಖಜಾನೆ, ಗ್ರುಂಡ್‌ಬುಖ್ ವಿಭಾಗ, ಇವೆಲ್ಲ ಸಾಮಾನ್ಯವಾಗಿ ಕೆಳಗೆ; ವಿಚಾರಣೆ ಮೇಲೆ. ಸಾಕ್ಷಿಗಳಿಗೆ ಕಾಯುವ ಕೋಣೆ ಬೇರೆ, ನ್ಯಾಯಾಧೀಶರು ಶೆಫೆನ್ ಜೊತೆ ಸಮಾಲೋಚಿಸುವ ಕೋಣೆ ಪೀಠದ ಹಿಂಬಾಗಿಲಿಗೆ ಅಂಟಿಕೊಂಡು.

ದಾಖಲೆ ಕೋಣೆಗೆ ಬೆಂಕಿಯೇ ಶತ್ರು. ಹಾಗಾಗಿ ಅಲ್ಲೂ ಓಣಿಗಳಲ್ಲೂ ನೆಲಮಾಳಿಗೆಯಲ್ಲೂ ಮರದ ತೊಲೆಯ ಬದಲು ಇಟ್ಟಿಗೆಯ ಚಪ್ಪಟೆ ಕಮಾನಿನ ಚಾವಣಿ ಹಾಕುವುದು ಆಗಿನ ರೂಢಿ. ಜರ್ಮನರು ಇದನ್ನು ಪ್ರಷ್ಯನ್ ಕಮಾನು ಎನ್ನುತ್ತಾರೆ. ನಮ್ಮ ಎಂಜಿನಿಯರುಗಳ ಬಾಯಲ್ಲಿ ಜಾಕ್ ಆರ್ಚ್. ಸಾಲಾಗಿ ಕಬ್ಬಿಣದ ಐ-ತೊಲೆಗಳನ್ನು ಮಲಗಿಸಿ, ಅವುಗಳ ಕೆಳಚಾಚಿನ ಮೇಲೆ ಕಾಲೂರುವಂತೆ ಅರ್ಧ ಇಟ್ಟಿಗೆ ದಪ್ಪದ ಕಮಾನು ಕಟ್ಟಿ, ಮೇಲಿನ ತಗ್ಗು ತುಂಬಿ ಸಮತಟ್ಟು ಮಾಡುವುದು. ಆಗಿನ ಜರ್ಮನ್ ಇಟ್ಟಿಗೆ 25 × 12 × 6.5 ಸೆಂಟಿಮೀಟರ್, ಆದ್ದರಿಂದ ಕಮಾನಿನ ದಪ್ಪ 12 ಸೆಂಟಿಮೀಟರ್. ಇದರಲ್ಲಿ ಎರಡು ದೌರ್ಬಲ್ಯಗಳಿವೆ. ಪ್ರತಿ ಕಮಾನೂ ಪಕ್ಕಕ್ಕೆ ತಳ್ಳುತ್ತದೆ. ನಡುವಿನವು ಒಂದನ್ನೊಂದು ತಡೆದುಕೊಳ್ಳುತ್ತವೆ, ಗೋಡೆಗೆ ತಾಗಿದ ಕೊನೆಯ ಕಮಾನಿಗೆ ಎದುರಾಳಿ ಇಲ್ಲ. ಅಲ್ಲಿ ಕಬ್ಬಿಣದ ಬಿಗಿಸರಳು ಹಾಕಿರದಿದ್ದರೆ ಅಥವಾ ಅದು ಸವೆದಿದ್ದರೆ ಕಮಾನಿನ ನೆತ್ತಿಯುದ್ದಕ್ಕೂ ಬಿರುಕು ಬಿಡುತ್ತದೆ. ಎರಡನೆಯದು, ತೊಲೆಯ ತುದಿ ಹೊರಗೋಡೆಯೊಳಗೆ ಹುದುಗಿರುವ ಜಾಗ. ಮಳೆನೀರಿನ ಕೊಳವೆ ಸೋರಿ ಗೋಡೆ ಒದ್ದೆಯಾದರೆ ತುಕ್ಕು ಹಿಡಿಯುವುದು ಅಲ್ಲಿಂದಲೇ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಇಟ್ಟಿಗೆಯನ್ನು ಎತ್ತುತ್ತದೆ. ಇಂಥ ಕಟ್ಟಡ ಪರೀಕ್ಷಿಸುವವರು ಚಾವಣಿಯ ನಡುಭಾಗ ನೋಡಿ ಸಮಾಧಾನಪಟ್ಟುಕೊಂಡರೆ ತಪ್ಪಿದಂತೆ. ಗೋಡೆಯಂಚಿನ ಗಾರೆ ಬಿಡಿಸಿ ತೊಲೆಯ ತುದಿ ನೋಡಬೇಕು.

ಬೆನ್ನಿಗಿರುವ ಸೆರೆಮನೆ ಯಾಕೆ ಅಷ್ಟು ಹತ್ತಿರ

ಹಿತ್ತಿಲಿಗೆ ಸೆರೆಮನೆ ಕಟ್ಟಿದ್ದು ಬರೀ ಅನುಕೂಲಕ್ಕಲ್ಲ. 1877ರ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಎರಡು ಗಡುವುಗಳನ್ನು ಹಾಕಿತ್ತು. 128ನೇ ಕಲಂ ಪ್ರಕಾರ, ವಾರಂಟ್ ಇಲ್ಲದೆ ಹಿಡಿದವರನ್ನು ಬಿಟ್ಟುಬಿಡಬೇಕು, ಇಲ್ಲವೇ ತಡಮಾಡದೆ ಆ ಪ್ರದೇಶದ ಆಮ್ಟ್ಸ್‌ಗೆರಿಷ್ಟ್ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. 115ನೇ ಕಲಂ ಪ್ರಕಾರ, ವಾರಂಟ್ ಮೇಲೆ ಸೆರೆಗೆ ಬಂದವರನ್ನು ಹೆಚ್ಚೆಂದರೆ ಮಾರನೇ ದಿನದೊಳಗೆ ನ್ಯಾಯಾಧೀಶರೊಬ್ಬರು ಖುದ್ದು ವಿಚಾರಿಸಬೇಕು, ಯಾವ ಆರೋಪ ಎಂದು ಹೇಳಬೇಕು.

ಪ್ರತಿ ಪುಟ್ಟ ಊರಿನಲ್ಲೂ ಈ ಗಡುವು ಪಾಲಿಸಬೇಕಾದರೆ ನ್ಯಾಯಾಧೀಶರೂ ಸೆರೆಕೋಣೆಯೂ ಒಂದೇ ಅಂಗಳದಲ್ಲಿರಬೇಕು. ಜರ್ಮನಿಯಲ್ಲಿ ನೂರಾರು ಆಮ್ಟ್ಸ್‌ಗೆರಿಷ್ಟ್‌ಗಳ ಹಿಂದೆ ಹೀಗೆ ಸಣ್ಣ ಸೆರೆಮನೆ ಇದ್ದದ್ದು ಇದೇ ಕಾರಣಕ್ಕೆ. ಅಲ್ಲಿ ಇರುತ್ತಿದ್ದವರು ವಿಚಾರಣೆಗೆ ಕಾಯುವವರು ಮತ್ತು ಕೆಲವೇ ದಿನ, ವಾರಗಳ ಶಿಕ್ಷೆಯವರು. ದೀರ್ಘ ಶಿಕ್ಷೆಯವರು ದೂರದ ದೊಡ್ಡ ಜೈಲುಗಳಿಗೆ ಹೋಗುತ್ತಿದ್ದರು. ಖೈದಿಯ ದಾರಿಯನ್ನು ಜನರ ದಾರಿಯಿಂದ ಬೇರೆ ಮಾಡುವುದು ಈ ವಿನ್ಯಾಸದ ಗುರಿ. ಅಂಗಳ ದಾಟಿ, ಬೀಗದ ಬಾಗಿಲು ಹಾದು, ಹಿಂದಿನ ಮೆಟ್ಟಿಲಿನಿಂದ ಆರೋಪಿ ನೇರ ವಿಚಾರಣೆಯ ಕೋಣೆಗೆ ಬರಬೇಕು. ಓಣಿಯಲ್ಲಿ ಸಾಕ್ಷಿಗಳಿಗೆ ಎದುರಾಗಬಾರದು, ಬೀದಿಯ ಜನ ಅವನನ್ನು ಮೆರವಣಿಗೆಯಂತೆ ನೋಡಬಾರದು. ಆಗಿನ ಕಟ್ಟಡಶಿಲ್ಪಿಗಳು ಒಬ್ಬ ಸಾಮಾನ್ಯ ಆರೋಪಿಯ ಮಾನವನ್ನು ಇಷ್ಟು ಲೆಕ್ಕ ಹಾಕಿ ಕಾಯ್ದರು ಎಂಬುದನ್ನು ಗಮನಿಸಬೇಕು. ಮುಂದೆ ನಡೆದದ್ದರ ಘೋರತೆ ಅರ್ಥವಾಗಲು ಇದು ಗೊತ್ತಿರಬೇಕು.

1906: ಇಲ್ಲಿ ವಿಚಾರಣೆಯಾಗದ ಪ್ರಸಿದ್ಧ ಪ್ರಕರಣ

ಕ್ಯೋಪೆನಿಕ್ ಎಂದರೆ ಜರ್ಮನರಿಗೆಲ್ಲ ನೆನಪಾಗುವುದು ಒಬ್ಬ ನಕಲಿ ಕ್ಯಾಪ್ಟನ್. 1906ರ ಅಕ್ಟೋಬರ್ 16ರಂದು ವಿಲ್‌ಹೆಲ್ಮ್ ಫೋಯ್ಕ್ಟ್ ಎಂಬ ಚಪ್ಪಲಿ ಹೊಲಿಯುವವನು ಹಳೆ ಅಂಗಡಿಗಳಲ್ಲಿ ಕೊಂಡ ಸೈನ್ಯಾಧಿಕಾರಿಯ ಸಮವಸ್ತ್ರ ತೊಟ್ಟು, ಬೀದಿಯಲ್ಲಿ ಸಿಕ್ಕ ಸೈನಿಕರಿಗೆ ಹುಕುಂ ಕೊಟ್ಟು ಕರೆದುಕೊಂಡು ಬಂದು, ಇಲ್ಲಿನ ಪುರಭವನ ಹಿಡಿದು, ಮೇಯರನ್ನು ಬಂಧಿಸಿ, ಮೂರೂವರೆ ಸಾವಿರ ಮಾರ್ಕಿಗೂ ಮಿಕ್ಕ ಹಣ ಒಯ್ದ. ಹತ್ತು ದಿನಕ್ಕೆ ಸಿಕ್ಕಿಬಿದ್ದ.

ಐದು ವರ್ಷದ ಹಿಂದಷ್ಟೇ ಎದ್ದ ಹೊಸ ಕೋರ್ಟು ಅದೇ ಊರಿನಲ್ಲಿದ್ದರೂ ವಿಚಾರಣೆ ಅಲ್ಲಿ ನಡೆಯಲಿಲ್ಲ. ಅಧಿಕಾರವಿಲ್ಲದೆ ಸಮವಸ್ತ್ರ ತೊಟ್ಟದ್ದು, ಅಕ್ರಮ ಬಂಧನ, ವಂಚನೆ, ದಾಖಲೆಯ ಖೋಟಾ ಇವೆಲ್ಲ ಸೇರಿದರೆ ಶೆಫೆನ್ ಪೀಠದ ಮೂರು ತಿಂಗಳ ಮಿತಿ ಎಲ್ಲಿ ಸಾಕಾಗುತ್ತದೆ? ಪ್ರಕರಣ ಎರಡನೇ ಲಾಂಡ್‌ಗೆರಿಷ್ಟ್‌ಗೆ ಹೋಗಿ, ಡಿಸೆಂಬರ್ 1ರಂದು ನಾಲ್ಕು ವರ್ಷ ಸೆರೆ ಆಯಿತು. 1908ರಲ್ಲಿ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ಕ್ಷಮಾದಾನ ಕೊಟ್ಟರು.

ಕೋರ್ಟುಗಳ ಇತಿಹಾಸಕ್ಕೆ ಸಂಬಂಧಪಟ್ಟ ಎಳೆ ಅವನ ಹಿಂದಿನ ಶಿಕ್ಷೆಯಲ್ಲಿದೆ. ಪೋಸನ್ ಪ್ರಾಂತ್ಯದ ವೋಂಗ್ರೋವಿಟ್ಸ್ ಎಂಬ ಪಟ್ಟಣದಲ್ಲಿ ಕೋರ್ಟಿನ ಖಜಾನೆಗೇ ಕನ್ನ ಹಾಕಿ ಅವನು 15 ವರ್ಷ ಕಠಿಣ ಸೆರೆ ಅನುಭವಿಸಿ ಬಂದಿದ್ದ. ಮೇಲೆ ಹೇಳಿದ ಗೆರಿಷ್ಟ್ಸ್‌ಕಾಸೆಯ ಕೋಣೆಗೆ ಗಟ್ಟಿ ಬಾಗಿಲು, ಸರಳಿನ ಕಿಟಕಿ ಬೇಕಾಗುತ್ತಿದ್ದದ್ದು ಸುಮ್ಮನೆ ಅಲ್ಲ. ಬಿಡುಗಡೆಯಾದ ಮೇಲೆ ಪೊಲೀಸರು ಅವನನ್ನು ಊರಿಂದೂರಿಗೆ ಅಟ್ಟಿದರು. ವಾಸದ ಪರವಾನಗಿ ಇಲ್ಲದೆ ಕೆಲಸ ಸಿಗದು, ಕೆಲಸ ಇಲ್ಲದೆ ಪರವಾನಗಿ ಸಿಗದು. ಜನ ನಕ್ಕದ್ದು ಸಮವಸ್ತ್ರಕ್ಕೆ ತಲೆಬಾಗಿದ ಅಧಿಕಾರಿಗಳನ್ನು ನೋಡಿ. ಆದೇಶದ ಮೂಲ ಯಾವುದು ಎಂದು ಕೇಳದೆ ಪಾಲಿಸುವ ಅಭ್ಯಾಸ 27 ವರ್ಷದ ಮೇಲೆ ಅದೇ ಊರಿನಲ್ಲಿ ನಗು ಹುಟ್ಟಿಸಲಿಲ್ಲ.

1933ರ ಜೂನ್: ದಾರಿ ಇತ್ತು, ನಡೆಯಲು ಬಿಡಲಿಲ್ಲ

ಘಟನೆಗಳ ಕ್ರಮ ಇಲ್ಲಿ ಮುಖ್ಯ, ಏಕೆಂದರೆ ಮೊದಲು ಕಾನೂನು ಸಡಿಲವಾಯಿತು, ಆಮೇಲೆ ಕಟ್ಟಡ ಕೈಬದಲಾಯಿತು.

ಫೆಬ್ರವರಿ 22ರಂದು, ಪ್ರಷ್ಯಾದ ಒಳಾಡಳಿತ ಹೊತ್ತಿದ್ದ ನಾತ್ಸಿ ನಾಯಕ ಗ್ಯೋರಿಂಗ್ ಅಲ್ಲಿ ನಾತ್ಸಿ ಪಕ್ಷದ ಎಸ್‌ಎ, ಎಸ್‌ಎಸ್ ದಳದವರನ್ನೂ ಮಿತ್ರಪಕ್ಷದ ಷ್ಟಾಲ್‌ಹೆಲ್ಮ್ ದಳದವರನ್ನೂ ಸಹಾಯಕ ಪೊಲೀಸರಾಗಿ ನೇಮಿಸಿದ. ತೋಳಿಗೆ ಬಿಳಿ ಪಟ್ಟಿ ಕಟ್ಟಿದ ಪಕ್ಷದ ಕಾರ್ಯಕರ್ತ ಅಂದಿನಿಂದ ಬಂಧಿಸಬಲ್ಲವನಾದ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಹೊರಬಿದ್ದ ಸುಗ್ರೀವಾಜ್ಞೆ ಸಂವಿಧಾನದ 114ನೇ ವಿಧಿಯನ್ನು, ಅಂದರೆ ವ್ಯಕ್ತಿಸ್ವಾತಂತ್ರ್ಯದ ರಕ್ಷಣೆಯನ್ನು, ಅಮಾನತಿನಲ್ಲಿಟ್ಟಿತು. ಇದರ ಬಲದ ಮೇಲೆ 'ರಕ್ಷಣಾ ಸೆರೆ' ಎಂಬ ಹೆಸರಿನಲ್ಲಿ ಆರೋಪವಿಲ್ಲದೆ, ಗಡುವಿಲ್ಲದೆ, ನ್ಯಾಯಾಧೀಶರ ಮುಂದೆ ತರದೆ ಜನರನ್ನು ಕೂಡಿಹಾಕಲು ಶುರುಮಾಡಿದರು. ಏಪ್ರಿಲ್ 7ರ ಕಾನೂನು ಯೆಹೂದಿ ಮತ್ತು ವಿರೋಧಿ ನಿಲುವಿನ ಸರ್ಕಾರಿ ನೌಕರರನ್ನು, ನ್ಯಾಯಾಧೀಶರನ್ನೂ ಸೇರಿಸಿ, ಹುದ್ದೆಯಿಂದ ತೆಗೆಯಲು ದಾರಿ ಮಾಡಿತು. ಪ್ರಕ್ರಿಯಾ ಕಾನೂನನ್ನು ಯಾರೂ ರದ್ದು ಮಾಡಲಿಲ್ಲ. ಅದನ್ನು ಬಳಸುವ ಅಗತ್ಯವೇ ಇಲ್ಲದ ಇನ್ನೊಂದು ಬಾಗಿಲು ತೆರೆದರು.

ಜೂನ್ 21, ಬುಧವಾರ. ಹೆರ್ಬೆರ್ಟ್ ಗೆರ್ಕೆ ನಾಯಕನಾಗಿದ್ದ ಎಸ್‌ಎಯ 15ನೇ ತುಕಡಿ ಕ್ಯೋಪೆನಿಕ್‌ನಲ್ಲಿ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಸಮಾಜವಾದಿಗಳು, ಕಮ್ಯುನಿಸ್ಟರು, ಕಾರ್ಮಿಕ ಸಂಘದವರು, ಯೆಹೂದಿಗಳನ್ನು ಹಿಡಿಯತೊಡಗಿತು. ಹಿಡಿದವರನ್ನು ಎಸ್‌ಎಯ ಅಡ್ಡೆಗಳಾಗಿದ್ದ ಹೋಟೆಲು, ವಸತಿಗಳಿಗೂ ಈ ಕೋರ್ಟಿನ ಹಿಂದಿನ ಸೆರೆಮನೆಗೂ ಒಯ್ದರು. ಎಲ್ಸೆನ್‌ಗ್ರುಂಡ್ ಬಡಾವಣೆಯಲ್ಲಿ ಆಂಟೋನ್ ಶ್ಮೌಸ್ ಎಂಬ ಯುವ ಸಮಾಜವಾದಿ, ರಾತ್ರಿ ಮನೆಗೆ ನುಗ್ಗಿದವರ ಮೇಲೆ ಗುಂಡು ಹಾರಿಸಿದ. ಎಸ್‌ಎಯ ಮೂವರು ಸತ್ತರು. ಆಮೇಲೆ ಎಸ್‌ಎಯವರ ಕೈಗೆ ತಡೆಯೇ ಇರಲಿಲ್ಲ. ಅವನ ತಂದೆ ಯೊಹಾನ್ ಶ್ಮೌಸ್‌ರನ್ನು ಅದೇ ಮನೆಯಲ್ಲಿ ನೇಣುಹಾಕಿದರು. ಪೊಲೀಸರ ವಶಕ್ಕೆ ಹೋದ ಆಂಟೋನ್‌ಗೆ ಪೊಲೀಸ್ ಕೇಂದ್ರದಲ್ಲೇ ಎಸ್‌ಎಯವರು ಗುಂಡಿಟ್ಟರು. ಆ ಗಾಯದಿಂದ 1934ರ ಜನವರಿಯಲ್ಲಿ ತೀರಿಕೊಂಡ.

ಜೂನ್ 26ರವರೆಗೆ ಸುಮಾರು 500 ಜನರನ್ನು ಹಿಡಿದು ಹಿಂಸಿಸಿದರು. ಮೆಕ್ಲೆನ್‌ಬುರ್ಗ್-ಶ್ವೆರೀನ್‌ನ ಮಾಜಿ ಮುಖ್ಯಮಂತ್ರಿ ಯೊಹಾನೆಸ್ ಷ್ಟೆಲಿಂಗ್, ಗಣರಾಜ್ಯ ರಕ್ಷಣಾ ದಳವಾದ ರೈಷ್ಸ್‌ಬಾನರ್‌ನ ಪೌಲ್ ಫೊನ್ ಎಸ್ಸೆನ್ ಕೊಲೆಯಾದವರಲ್ಲಿದ್ದರು. ಕೆಲವರ ಶವಗಳನ್ನು ಗೋಣಿಚೀಲದಲ್ಲಿ ಹೊಲಿದು ಡಾಹ್ಮೆಗೆ ಎಸೆದಿದ್ದರು. ದಿನಗಳಾದ ಮೇಲೆ ತೇಲಿ ಬಂದವು. ಹಳೆಯ ಬರಹಗಳಲ್ಲಿ ಸತ್ತವರು 91 ಎಂದಿದೆ. ಈಚಿನ ಸಂಶೋಧನೆ ಹೆಸರು ಸಮೇತ ಖಚಿತಪಡಿಸಿರುವುದು 20ಕ್ಕೂ ಹೆಚ್ಚು ಜನರನ್ನು. ಎರಡು ಸಂಖ್ಯೆಗಳನ್ನು ಬೆರೆಸಿ ಬರೆಯುವುದು ಈಗಲೂ ನಡೆಯುವ ತಪ್ಪು. ಖಚಿತವಾದ ಹೆಸರುಗಳಿಂದ ಶುರುಮಾಡುವುದೇ ಸತ್ತವರಿಗೆ ಸಲ್ಲುವ ಗೌರವ ಎಂಬುದು ನಮ್ಮ ನಿಲುವು.

ಈಗ ಆ ಅಂಗಳವನ್ನು ಮತ್ತೊಮ್ಮೆ ನೋಡಿ. ಕೋಣೆಯಲ್ಲಿ ರಕ್ತಸಿಕ್ತನಾಗಿ ಬಿದ್ದ ವ್ಯಕ್ತಿಗೂ ನ್ಯಾಯಾಧೀಶರ ಮೇಜಿಗೂ ನಡುವೆ ಇದ್ದದ್ದು ಒಂದು ಅಂಗಳ, ಕೆಲವು ಬಾಗಿಲು. 1877ರ ಲೆಕ್ಕದಲ್ಲಿ ಅವನು ತಡವಿಲ್ಲದೆ ಆ ಮೇಜಿನ ಮುಂದಿರಬೇಕಿತ್ತು. ಎಸ್‌ಎಗೆ ಬೇಕಾದದ್ದು ದಪ್ಪ ಗೋಡೆ, ಬೀಗದ ಬಾಗಿಲು, ಎತ್ತರದ ಕಿಟಕಿ. ಸೆರೆಮನೆ ಅದಷ್ಟನ್ನೂ ಕೊಟ್ಟಿತು. ಆರೋಪಿಯ ಮಾನ ಕಾಯಲು ಬೀದಿಯ ಕಣ್ಣಿಗೆ ಮರೆಯಾಗಿ ಕಟ್ಟಿದ್ದ ಜಾಗ ಹಿಂಸೆಗೂ ಮರೆಯಾಯಿತು.

ಶಿಕ್ಷೆ, ಸ್ಮಾರಕ, ಚೌಕದ ಹೆಸರು

ನಾತ್ಸಿ ಆಳ್ವಿಕೆ ಮುಗಿಯುವವರೆಗೆ ಈ ಕೊಲೆಗಳಿಗೆ ಶಿಕ್ಷೆ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಕೆಲವು ವಿಚಾರಣೆಗಳು ನಡೆದವು. ದೊಡ್ಡದು 1950ರಲ್ಲಿ, ಪೂರ್ವ ಬರ್ಲಿನ್ನಿನಲ್ಲಿ. ಒಟ್ಟು 61 ಆರೋಪಿಗಳು, ಅವರಲ್ಲಿ ಹಲವರು ಗೈರುಹಾಜರು. 15 ಜನರಿಗೆ ಮರಣದಂಡನೆ. ಕಮ್ಯುನಿಸ್ಟ್ ಆಳ್ವಿಕೆಯಿದ್ದ ಆಗಿನ ಪೂರ್ವ ಜರ್ಮನಿಯ ರಾಜಕೀಯದ ಒತ್ತಡ ಆ ವಿಚಾರಣೆಯ ಮೇಲೆ ಇತ್ತು, ಅದನ್ನು ಮರೆಯದೆ ಓದಬೇಕು. ಆದರೂ ಬದುಕುಳಿದವರ ಸಾಕ್ಷ್ಯ ದೊಡ್ಡ ಪ್ರಮಾಣದಲ್ಲಿ ದಾಖಲಾದದ್ದು ಅಲ್ಲಿಯೇ, ಹಾಗಾಗಿ ಸಂಶೋಧಕರಿಗೆ ಅದನ್ನು ಬಿಟ್ಟು ನಡೆಯುವುದಿಲ್ಲ. ಸೆರೆಮನೆಯ ಒಂದು ಭಾಗ ಈಗ ಸ್ಮಾರಕ. ಪುಖಾನ್‌ಸ್ಟ್ರಾಸೆಯ ಕಡೆಯಿಂದ ಪ್ರವೇಶ, ಒಳಗೆ ಆ ವಾರದ ಪ್ರದರ್ಶನ.

ಮುಂದಿನ ಚೌಕಕ್ಕೆ ಹೆಸರು ಬಂದದ್ದು ರುಡಾಲ್ಫ್ ಮಾಂಡ್ರೆಲಾ ಅವರಿಂದ. 1902ರಲ್ಲಿ ಹುಟ್ಟಿದ ಈ ಕ್ಯಾಥೊಲಿಕ್ ನ್ಯಾಯವಾದಿ ಇದೇ ಕೋರ್ಟಿನ ನ್ಯಾಯಾಧೀಶರು. ಯುದ್ಧಕಾಲದಲ್ಲಿ ನಾತ್ಸಿ ವಿರೋಧಿ ನಿಲುವಿಗಾಗಿ ಸೆರೆಯಾಗಿ, 1943ರ ಸೆಪ್ಟೆಂಬರ್ 3ರಂದು ಬ್ರಾಂಡೆನ್‌ಬುರ್ಗ್ ಜೈಲಿನಲ್ಲಿ ಅವರನ್ನು ಕೊಂದರು. ಕೋರ್ಟಿನ ಪತ್ರವ್ಯವಹಾರದಲ್ಲೆಲ್ಲ ಈಗ ವಿಳಾಸವಾಗಿ ಅಚ್ಚಾಗುವುದು ಅವರ ಹೆಸರು.

ಭೂಪುಸ್ತಕದ ಅಲೆದಾಟ

ಸೆರೆಮನೆಯ ಕತೆ ತಿಳಿದವರು ಹಲವರು. ದಾಖಲೆ ಕೋಣೆಯ ಕತೆ ಅಷ್ಟೇ ಪಾಠ ಕಲಿಸಿದರೂ ಅದನ್ನು ಕೇಳುವವರು ಕಡಿಮೆ.

ಗ್ರುಂಡ್‌ಬುಖ್‌ನ ಒಂದು ಹಾಳೆ ಪಹಣಿಯಂತೆ ಬರೀ ಮಾಹಿತಿ ಪತ್ರವಲ್ಲ, ಹಕ್ಕೇ ಅದರಲ್ಲಿ ಹುಟ್ಟುತ್ತದೆ. ಕ್ರಯಪತ್ರಕ್ಕೆ ಸಹಿ ಬಿದ್ದ ಮಾತ್ರಕ್ಕೆ ಜಮೀನು ಕೊಂಡವರದಾಗದು; ಎರಡೂ ಕಡೆಯವರ ಒಪ್ಪಿಗೆಯ ಜೊತೆ ಪುಸ್ತಕದಲ್ಲಿ ನಮೂದು ಆಗಬೇಕು. ಹಾಳೆಯಲ್ಲಿ ಮೊದಲು ಶಿರೋನಾಮೆ, ಆಮೇಲೆ ಜಮೀನಿನ ತುಂಡುಗಳ ಪಟ್ಟಿ. ಅದರ ಕೆಳಗೆ ಮೂರು ವಿಭಾಗ. ಮೊದಲನೆಯದರಲ್ಲಿ ಒಡೆಯರು, ಎರಡನೆಯದರಲ್ಲಿ ದಾರಿಯ ಹಕ್ಕು, ವಾಸದ ಹಕ್ಕು ಮುಂತಾದ ಹೊರೆಗಳು, ಮೂರನೆಯದರಲ್ಲಿ ಅಡಮಾನ. ಅರ್ಜಿ ಬಂದಾಗ ದಿನವಷ್ಟೇ ಅಲ್ಲ, ಗಂಟೆ ನಿಮಿಷವನ್ನೂ ಬರೆದುಕೊಳ್ಳಬೇಕು. ಒಂದೇ ಜಮೀನಿನ ಮೇಲೆ ಎರಡು ಬ್ಯಾಂಕುಗಳ ಅಡಮಾನದ ಅರ್ಜಿ ಬಂದರೆ ಮೊದಲು ಬಂದದ್ದನ್ನೇ ಮೊದಲು ಬರೆಯಬೇಕು. ಜಮೀನು ಹರಾಜಾದಾಗ ದುಡ್ಡು ಹಂಚುವುದು ಆ ಸರದಿಯಲ್ಲೇ. ಸರದಿಯಲ್ಲಿ ಹಿಂದೆ ಬಿದ್ದವನಿಗೆ ಏನೂ ಉಳಿಯದೆ ಹೋಗಬಹುದು.

ರದ್ದಾದ ನಮೂದನ್ನು ಅಳಿಸುವುದಿಲ್ಲ, ಹೊಡೆದುಹಾಕುವುದೂ ಇಲ್ಲ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಾರೆ, ಪಕ್ಕದ ಕಾಲಂನಲ್ಲಿ ರದ್ದಾದ ಬಗ್ಗೆ ಟಿಪ್ಪಣಿ. ಅಕ್ಷರ ಪೂರ್ತಿ ಓದಲು ಸಿಗುವುದರಿಂದ ಹಾಳೆಯೊಂದನ್ನು ನೋಡಿ ನೂರು ವರ್ಷದ ಕೈಬದಲಾವಣೆ ಹೇಳಬಹುದು. ಇದರಲ್ಲೊಂದು ಬಲೆಯೂ ಇದೆ. ಕಪ್ಪು-ಬಿಳುಪು ನಕಲಿನಲ್ಲಿ ಕೆಂಪು ಗೆರೆ ಕಪ್ಪಾಗಿ ಬರುತ್ತದೆ. ಹೊಸಬರು ಅಡಿಗೆರೆ ಕಂಡು ಇದು ಮುಖ್ಯವಾದ ಸಾಲು ಎಂದುಕೊಳ್ಳುತ್ತಾರೆ. ಅದು ಎಂದೋ ಸತ್ತ ಅಡಮಾನ. ನಕಲು ಓದುವಾಗ ಅಡಿಗೆರೆ ಕಂಡ ಕೂಡಲೇ ರದ್ದತಿಯ ಕಾಲಂಗೆ ಕಣ್ಣು ಹೋಗಬೇಕು.

ಪೂರ್ವ ಜರ್ಮನಿ 1952ರಲ್ಲಿ ನ್ಯಾಯಾಲಯಗಳ ರಚನೆಯನ್ನೇ ಬದಲಿಸಿತು. ಆಮ್ಟ್ಸ್‌ಗೆರಿಷ್ಟ್ ಎಂಬ ಹೆಸರು ಹೋಯಿತು. ಪೂರ್ವ ಬರ್ಲಿನ್ನಿನಲ್ಲಿ ನಗರ ಜಿಲ್ಲೆಗೊಂದು ಕೋರ್ಟು ಬಂತು. ಗ್ರುಂಡ್‌ಬುಖ್ ಕೆಲಸವನ್ನು ನ್ಯಾಯಾಧೀಶರ ಕೈಯಿಂದ ತೆಗೆದು ಆಡಳಿತದ ಭೂಮಾಪನ ಇಲಾಖೆಗೆ ಒಪ್ಪಿಸಿದರು. ಜಮೀನು 'ಜನತೆಯ ಆಸ್ತಿ', ಅಂದರೆ ಸರ್ಕಾರದ ಸ್ವತ್ತು, ಆದಾಗ ಅದರ ಹಾಳೆಯನ್ನು ಮುಚ್ಚಿದರು. ಪೂರ್ವ ಜರ್ಮನಿಯ ಅಂಥ ಹಳೆಯ ಪುಸ್ತಕಗಳ ದೊಡ್ಡ ರಾಶಿ ಎಲ್ಬೆ ದಂಡೆಯ ಬಾರ್ಬಿ ಎಂಬ ಊರಿನ ಕೋಟೆಯಲ್ಲಿ ಬಿದ್ದಿತ್ತು. ಮುಚ್ಚಿದ ಹಾಳೆಗೆ ಇನ್ನು ಬೆಲೆ ಇಲ್ಲ ಎಂದೇ ಆಗಿನವರ ಎಣಿಕೆ.

1990ರಲ್ಲಿ ಎಣಿಕೆ ಬುಡಮೇಲಾಯಿತು. ಕಿತ್ತುಕೊಂಡ ಆಸ್ತಿ ಮರಳಿಸುವ ಕಾನೂನು ಬಂದಾಗ 1933ರಿಂದ 1945ರ ನಡುವೆ ಯೆಹೂದಿಗಳಿಂದ ಕಿತ್ತದ್ದು, ಆಮೇಲೆ ಪೂರ್ವ ಜರ್ಮನಿ ಕಿತ್ತದ್ದು, ಎರಡಕ್ಕೂ ಕೇಳಿಕೆಗಳು ಸುರಿದವು. ಒಂದೇ ಮನೆಗೆ ಮೂರು ಕಡೆಯ ವಾರಸುದಾರರು: 1930ರ ದಶಕದಲ್ಲಿ ಓಡಿಹೋದವರ ಮಕ್ಕಳು, ಅವರಿಂದ ಕಡಿಮೆ ಬೆಲೆಗೆ ಕೊಂಡು 1950ರ ದಶಕದಲ್ಲಿ ಪಶ್ಚಿಮಕ್ಕೆ ಓಡಿದವರ ಮಕ್ಕಳು, ಅಷ್ಟು ವರ್ಷ ಅಲ್ಲೇ ಬಾಡಿಗೆ ಕಟ್ಟಿ ರಿಪೇರಿ ಮಾಡಿಕೊಂಡು ಬದುಕಿದವರು. ತೀರ್ಮಾನಕ್ಕೆ ಬೇಕಾದದ್ದು ಆ ಮುಚ್ಚಿದ ಹಾಳೆ. ಕೆಂಪು ಅಡಿಗೆರೆ ಎಳೆದ ಹೆಸರು ಯಾರದು, ಯಾವ ವರ್ಷ ಗೆರೆ ಬಿತ್ತು, ಯಾವ ಆಧಾರದ ಮೇಲೆ ಎಂಬುದು ಹಾಳೆಯಲ್ಲೂ ಅದರ ಜೊತೆಗಿಡುವ ಮೂಲ ಪತ್ರಗಳ ಕಡತದಲ್ಲೂ ಸಿಗುತ್ತದೆ. ಹಾಳೆ ಒಂದೂರಿನಲ್ಲಿ, ಕಡತ ಇನ್ನೊಂದೂರಿನಲ್ಲಿ ಇದ್ದರೆ ಕೆಲಸ ವರ್ಷಗಟ್ಟಲೆ ಎಳೆಯುತ್ತಿತ್ತು. ಎರಡನ್ನೂ ಬೇರ್ಪಡಿಸದೆ ಒಂದೇ ಕಡೆ ಇಡಬೇಕೆಂಬ ಹಳೆಯ ಪ್ರಷ್ಯನ್ ಶಿಸ್ತಿನ ಬೆಲೆ ಆಗ ತಿಳಿಯಿತು.

ಈಗಿನ ಕಟ್ಟಡ

1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದಾಗ ಬರ್ಲಿನ್ನಿಗೆ ವಿಶೇಷ ವ್ಯವಸ್ಥೆ ಇತ್ತು: ಪೂರ್ವದ ಕೋರ್ಟುಗಳು ಅಂದೇ ಕೆಲಸ ನಿಲ್ಲಿಸಿದವು, ಪಶ್ಚಿಮದ ಕೋರ್ಟುಗಳ ವ್ಯಾಪ್ತಿ ಇಡೀ ನಗರಕ್ಕೆ ಚಾಚಿತು. ಕ್ಯೋಪೆನಿಕ್‌ಗೆ ಆಮ್ಟ್ಸ್‌ಗೆರಿಷ್ಟ್ ಮರಳಿ ಬಂದದ್ದು ಅದರ ನಂತರ. ಈಗ ಅದು ಟ್ರೆಪ್ಟೋ-ಕ್ಯೋಪೆನಿಕ್ ಜಿಲ್ಲೆಯ ಕೋರ್ಟು. ಬರ್ಲಿನ್ನಿನ ಆಮ್ಟ್ಸ್‌ಗೆರಿಷ್ಟ್ ಹಂತದ ಕ್ರಿಮಿನಲ್ ಪ್ರಕರಣಗಳನ್ನೆಲ್ಲ ಮೋಆಬಿಟ್‌ನಲ್ಲಿರುವ ಟೀರ್‌ಗಾರ್ಟನ್ ಕೋರ್ಟಿಗೆ ಒಟ್ಟುಗೂಡಿಸಿರುವುದರಿಂದ ಕ್ಯೋಪೆನಿಕ್‌ನ ಅಂಗಳದಲ್ಲಿ ಆರೋಪಿಗಳ ಓಡಾಟವಿಲ್ಲ.

ಕಟ್ಟಡದ ಮುಂದಿನ ತೊಡಕುಗಳು ಈ ವಯಸ್ಸಿನ ಎಲ್ಲ ಕೋರ್ಟುಗಳವೇ. ಮುಖ್ಯ ಬಾಗಿಲಿಗೆ ಏರುವ ಮೆಟ್ಟಿಲುಗಳು 1901ರಲ್ಲಿ ಗಾಂಭೀರ್ಯಕ್ಕೆಂದು ಕಟ್ಟಿದವು, ಗಾಲಿಕುರ್ಚಿಯವರಿಗೆ ಅವೇ ತಡೆ. ಲಿಫ್ಟಿಗೆ ರಂಧ್ರ ಕೊರೆಯಬೇಕಾದರೆ ಎರಡು ತೊಲೆಗಳ ನಡುವಿನ ಕಮಾನು ಒಡೆಯಬೇಕು. ಒಂದು ಕಮಾನು ತೆಗೆದ ಕೂಡಲೇ ಪಕ್ಕದ್ದರ ತಳ್ಳಾಟಕ್ಕೆ ತಡೆ ಹೋಗುತ್ತದೆ. ಹಾಗಾಗಿ ಒಡೆಯುವ ಮೊದಲು ಬಿಗಿಸರಳು ಹಾಕಿ, ಕೆಳಗೆ ಆಸರೆ ಕೊಟ್ಟು, ರಂಧ್ರದ ಸುತ್ತ ಉಕ್ಕಿನ ಚೌಕಟ್ಟು ಕೂರಿಸಬೇಕು. ಈ ಕ್ರಮ ತಪ್ಪಿದರೆ ಬಿರುಕು ಬೀಳುವುದು ಒಡೆದ ಕಡೆಯಲ್ಲ, ಪಕ್ಕದ ಕೋಣೆಯಲ್ಲಿ. ಒಳಬರುವವರ ತಪಾಸಣೆಗೆ ಯಂತ್ರ ಇಡಲು ಹಳೆಯ ಪಡಸಾಲೆಗಳಲ್ಲಿ ಜಾಗ ಸಾಲದು. ಕಡತಗಳು ಕಂಪ್ಯೂಟರಿಗೆ ಹೋದಂತೆ ದಾಖಲೆ ಕೋಣೆಗಳು ಖಾಲಿಯಾಗುತ್ತವೆ. ಒಳ್ಳೆಯ ಬೆಳಕಿಲ್ಲದ, ದಪ್ಪ ಗೋಡೆಯ ಆ ಕೋಣೆಗಳನ್ನು ಕಚೇರಿ ಮಾಡಲು ಹೋಗಿ ಕಿಟಕಿ ಅಗಲಿಸುವುದು ಪಾರಂಪರಿಕ ಕಟ್ಟಡಕ್ಕೆ ಮಾಡಬಹುದಾದ ದೊಡ್ಡ ಕೆಡುಕು. ಅವನ್ನು ಉಗ್ರಾಣವಾಗಿಯೇ ಬಿಡುವುದು ವಾಸಿ.

ಬಂಧಿತರ ಗಡುವು ಮಾತ್ರ ಈಗ ಸಾಮಾನ್ಯ ಕಾನೂನಿನ ಕಲಂ ಆಗಿ ಉಳಿದಿಲ್ಲ. 1949ರ ಜರ್ಮನ್ ಸಂವಿಧಾನದ 104ನೇ ವಿಧಿ ಅದನ್ನು ಎತ್ತಿ ಸಂವಿಧಾನದೊಳಗೇ ಇಟ್ಟಿತು. ಸ್ವಾತಂತ್ರ್ಯ ಕಸಿಯುವ ತೀರ್ಮಾನ ನ್ಯಾಯಾಧೀಶರದು ಮಾತ್ರ; ಪೊಲೀಸರು ತಮ್ಮದೇ ಅಧಿಕಾರದಿಂದ ಯಾರನ್ನೂ ಹಿಡಿದ ಮಾರನೇ ದಿನ ಮುಗಿಯುವುದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ; ಅಪರಾಧದ ಶಂಕೆಯ ಮೇಲೆ ಬಂಧಿತರಾದವರನ್ನು ಹೆಚ್ಚೆಂದರೆ ಬಂಧನದ ಮಾರನೇ ದಿನದೊಳಗೆ ನ್ಯಾಯಾಧೀಶರ ಮುಂದೆ ತರಬೇಕು; ಸೆರೆಗೆ ಆದೇಶವಾದರೆ ಮನೆಯವರಿಗೋ ಆಪ್ತರಿಗೋ ತಕ್ಷಣ ತಿಳಿಸಬೇಕು; ಸೆರೆಯಲ್ಲಿರುವವರಿಗೆ ದೇಹಕ್ಕಾಗಲಿ ಮನಸ್ಸಿಗಾಗಲಿ ಹಿಂಸೆ ಕೊಡಕೂಡದು. ಪುಖಾನ್‌ಸ್ಟ್ರಾಸೆಯ ಸ್ಮಾರಕಕ್ಕೆ ಹೋಗುವವರು ಮೊದಲು ಚೌಕದ ಕಡೆಯಿಂದ ಕೋರ್ಟನ್ನು ನೋಡಿ, ಆಮೇಲೆ ಅದನ್ನು ಬಳಸಿಕೊಂಡು ಹಿಂದಕ್ಕೆ ನಡೆದರೆ ಎರಡರ ನಡುವಿನ ಅಂತರ ಎಷ್ಟು ಸಣ್ಣದು ಎಂದು ಕಾಲಿಗೇ ತಿಳಿಯುತ್ತದೆ.